ಕೆರೆ ಡಾಂಬರಿನ ವಯಸ್ಸು

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಅಡುಗೆಮನೆ ಕಿಟಕಿಯಿಂದ ಡಾಂಬರಿನ ವಾಸನೆ ನುಗ್ಗಿತು. ನಿಮಗಾದರೆ ಅದು ಮೂಗು ಮುಚ್ಚಿಕೊಂಡು ದಾಟಿಹೋಗುವ ವಿಷಯ. ನನಗೆ ಅದು ಇಪ್ಪತ್ತೆಂಟು ವರ್ಷದಿಂದ ಅನ್ನ ಹಾಕಿದ ವಾಸನೆ. ಅಷ್ಟೇ ವರ್ಷದಿಂದ ಹೊಟ್ಟೆಯಲ್ಲಿ ಹುಳಿ ಕೆರಳಿಸಿದ ವಾಸನೆಯೂ ಹೌದು. ನನ್ನ ಹೆಂಡತಿ ಪಟಪಟನೆ ಕಿಟಕಿಗಳನ್ನೆಲ್ಲ ಮುಚ್ಚಿ ಬಂದು, "ನೋಡಿ, ನಿಮ್ಮ ನೆಂಟರು ಬಂದಿದಾರೆ ಬೀದಿಗೆ" ಎಂದಳು.

ಬನೀನಿನಲ್ಲೇ ಹೊರಗೆ ಹೋದೆ. ನೀರಿನ ಪೈಪಿಗೆಂದು ಅಗೆದು, ಅರೆಬರೆ ಮುಚ್ಚಿ, ನಮ್ಮ ಬೀದಿಯ ಸ್ಕೂಟರುಗಳನ್ನೆಲ್ಲ ಮೂರು ತಿಂಗಳು ಕುಣಿಸಿದ ಹಳ್ಳಕ್ಕೆ ಕೊನೆಗೂ ತೇಪೆ ಹಾಕಲು ನಾಲ್ಕು ಜನ ಬಂದಿದ್ದರು. ಡ್ರಮ್ಮಿನ ಕೆಳಗೆ ಸೌದೆ ಧಗಧಗ ಉರಿಯುತ್ತಿತ್ತು. ಮೇಲಿಂದ ನೀಲಿ ಹೊಗೆ. ನೀಲಿ ಹೊಗೆ ಬಂತೆಂದರೆ ಡಾಂಬರು ಕಾಯುತ್ತಿಲ್ಲ, ಸುಡುತ್ತಿದೆ ಎಂದು ಅರ್ಥ. ಸುಮ್ಮನೆ ಒಳಗೆ ಬಂದುಬಿಡಬೇಕಿತ್ತು. ಬರಲಿಲ್ಲ.

"ಎಷ್ಟೊತ್ತಿಂದ ಕಾಯಿಸ್ತಾ ಇದ್ದೀರಪ್ಪಾ ಇದನ್ನ?"

ಮೇಸ್ತ್ರಿ ನನ್ನ ಬನೀನನ್ನು ಮೇಲಿಂದ ಕೆಳಗೆ ನೋಡಿದ. "ಯಾಕ್ ಗುರುವೇ, ಟೀ ಏನಾದ್ರೂ ಇಡ್ಬೇಕಾಗಿತ್ತಾ ಇದ್ರ ಮೇಲೆ?"

"ಅಲ್ಲಪ್ಪಾ, ನಾನು ಲ್ಯಾಬಿನವನು."

"ಓ! ಸಕ್ಕರೆ ಕಾಯ್ಲೆ ನೋಡ್ತೀರಾ? ನಮ್ ಮನೆಯವ್ರಿಗೆ ಒಂದ್ಸಲ ನೋಡಿಸ್ಬೇಕಿತ್ತು."

ಇದು ನನ್ನ ಹಣೆಬರಹ. ಮದುವೆ ಮನೆಯಲ್ಲಿ ಯಾರಾದರೂ "ಏನ್ ಕೆಲಸ?" ಎಂದು ಕೇಳಿ, ನಾನು "ಲ್ಯಾಬು" ಎಂದರೆ ಸಾಕು, ಪಂಕ್ತಿಯಲ್ಲೇ ಕುಳಿತು ತಮ್ಮ ಕೊಬ್ಬಿನಂಶ ಹೇಳಲು ಶುರುಮಾಡುತ್ತಾರೆ. ನಾನು ನೋಡುವುದು ರಸ್ತೆಯ ರಕ್ತವನ್ನು ಎಂದು ಒಂದೆರಡು ಸಲ ತಮಾಷೆ ಮಾಡಿದ್ದೆ. ಯಾರೂ ನಗಲಿಲ್ಲ. ಬಿಟ್ಟುಬಿಟ್ಟೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಜಲ್ಲಿ, ಮಣ್ಣು, ಡಾಂಬರು ಪರೀಕ್ಷೆ ಮಾಡುವ ಎರಡು ಕೋಣೆಯ ಲ್ಯಾಬು. ಗೋಡೆಯಾಚೆ ವಿದ್ಯುತ್ ಮಗ್ಗಗಳ ಶೆಡ್ಡು. ಡಾಂಬರಿನ ವಯಸ್ಸು ತಿಳಿಯಲು ಒಂದು ಸೂಜಿ ಇದೆ. ಡಾಂಬರನ್ನು ಬಟ್ಟಲಿಗೆ ಹೊಯ್ದು, ನೀರಿನಲ್ಲಿಟ್ಟು ಹದಕ್ಕೆ ತಂದು, ಅದರ ಮೇಲೆ ಈ ಸೂಜಿಯನ್ನು ಐದು ಸೆಕೆಂಡು ಬಿಡಬೇಕು. ಎಷ್ಟು ಗೆರೆ ಒಳಗಿಳಿಯಿತೋ ಅಷ್ಟು ಮೆದು. ಕಡಿಮೆ ಇಳಿದರೆ ಗಟ್ಟಿ, ಅಂದರೆ ಮುದಿ. ಮಗ್ಗ ಓಡುತ್ತಿದ್ದರೆ ಮೇಜು ನಡುಗಿ ಸೂಜಿ ತನಗೆ ಬೇಕಾದ್ದು ಹೇಳುತ್ತದೆ. ಹಾಗಾಗಿ ಮಗ್ಗ ನಿಂತಾಗಲೇ ಬಿಡಬೇಕು. ಮಗ್ಗ ನಿಲ್ಲುವುದು ಕರೆಂಟು ಹೋದಾಗ. ಕರೆಂಟು ಹೋದರೆ ಆ ನೀರನ್ನು ಹದದಲ್ಲಿಡುವ ನನ್ನ ಯಂತ್ರವೂ ನಿಲ್ಲುತ್ತದೆ. ಉಳಿಯುವುದು ನೇಕಾರರು ಊಟಕ್ಕೆ ಏಳುವ ಅರ್ಧ ಗಂಟೆ. ನನ್ನ ಇಡೀ ವೃತ್ತಿಜೀವನ ಪಕ್ಕದವರ ಮುದ್ದೆ ಮುಗಿಯುವುದರೊಳಗೆ ನಡೆದಿದೆ.

ಈ ನೀಲಿ ಹೊಗೆ ನನಗೆ ನೆನಪಿಸಿದ್ದು ಆಂಜಿನಪ್ಪನನ್ನು. ನೆನಪಿಸಿದ್ದು ಎಂದರೆ ತಪ್ಪಾದೀತು. ಆತ ಏಳು ವರ್ಷದಿಂದ ನನ್ನ ತಲೆಯಲ್ಲೇ ಕೂತಿದ್ದಾನೆ. ಆ ಹೊಗೆ ಬಂದು ಕದ ತಟ್ಟಿತು, ಅಷ್ಟೆ.

ಆಂಜಿನಪ್ಪ ರಾಜಘಟ್ಟದ ಆಚೆಯ ಒಂದು ಹಳ್ಳಿಯವನು. ಜಲ್ಲಿಗೆ ಬಿಸಿ ಡಾಂಬರು ಕಲಸುವ ಪ್ಲಾಂಟೊಂದರಲ್ಲಿ ಡಾಂಬರಿನ ಟ್ಯಾಂಕು ಕಾಯುವ ಕೆಲಸ. ನನಗಿಂತ ಏಳೆಂಟು ವರ್ಷ ದೊಡ್ಡವನು. ಸಣಕಲು ಮೈ, ಅರ್ಧ ತೋಳಿನ ಖಾಕಿ ಅಂಗಿ, ಹಲ್ಲುಗಳು ಮಾತ್ರ ಜೋಳದ ತೆನೆಯಂತೆ ಸಾಲಾಗಿ. ಆ ಹಲ್ಲೇ ಅವನ ಲ್ಯಾಬು. ಟ್ಯಾಂಕಿನಿಂದ ಕಡ್ಡಿಯಲ್ಲಿ ಒಂದು ಚಿಟಿಕೆ ತೆಗೆದು ತಣ್ಣೀರಿನ ಚೊಂಬಿಗೆ ಬಿಡುತ್ತಿದ್ದ. ಆರಿದ ಮೇಲೆ ಬೆರಳಲ್ಲಿ ಉರುಟು ಮಾಡಿ ಮುಂದಿನ ಹಲ್ಲಿನಲ್ಲಿ ಮೆಲ್ಲನೆ ಕಚ್ಚುತ್ತಿದ್ದ. ಹಲ್ಲು ಒಳಗೆ ಜಾರಿದರೆ ಹಸಿ, ತಡೆದು ತಡೆದು ಇಳಿದರೆ ಹದ, ಪಟ್ ಎಂದು ಮುರಿದರೆ ಮುದಿ. ನಾನು ಮೊದಲ ಸಲ ಇದನ್ನು ಕಂಡಾಗ ಗಾಬರಿಯಾಗಿ, "ವಿಷ ಕಣಪ್ಪಾ ಅದು, ಉಗಿ!" ಎಂದಿದ್ದೆ.

"ನಮ್ಮಪ್ಪನೂ ಕಚ್ತಿದ್ರು ಸಾರ್. ಅವ್ರು ಹೋಗಿದ್ದು ಬೀಡಿಯಿಂದ" ಎಂದಿದ್ದ.

ನನಗೆ ತಡೆಯಲಾಗದಿದ್ದದ್ದು ಏನೆಂದರೆ, ಅವನ ಹಲ್ಲು ಹೇಳಿದ್ದನ್ನೇ ನನ್ನ ಸೂಜಿಯೂ ಹೇಳುತ್ತಿತ್ತು. ಆತ "ಇವತ್ತು ಸ್ವಲ್ಪ ಗಟ್ಟಿ ಸಾರ್" ಎಂದರೆ ಸೂಜಿ ಎರಡು ಗೆರೆ ಕಡಿಮೆ ಇಳಿಯುತ್ತಿತ್ತು. ಸರ್ಕಾರಿ ಮೊಹರಿನ ಯಂತ್ರವಿಟ್ಟುಕೊಂಡು, ನೇಕಾರರ ಊಟಕ್ಕೆ ಕಾಯ್ದು, ಎರಡು ದಿನ ಬಿಟ್ಟು ನಾನು ಕೊಡುತ್ತಿದ್ದ ಉತ್ತರವನ್ನು ಆತ ನಿಂತಲ್ಲೇ ಕೊಟ್ಟು ಉಗಿಯುತ್ತಿದ್ದ. ಯಾರಿಗಾದರೂ ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಆಗ ಬಂದದ್ದು ಕೆರೆ ಡಾಂಬರು. ಆಂಜಿನಪ್ಪನ ಊರ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಬರುವ ಒಂದು ಒಳರಸ್ತೆಗೆ ಪ್ರಯೋಗವೆಂದು ಅದನ್ನು ಹಾಕುವುದಾಗಿ ಇಲಾಖೆಯವರು ತೀರ್ಮಾನಿಸಿದ್ದರು. ಎಲ್ಲೋ ಸಮುದ್ರದಾಚೆ ಒಂದು ದ್ವೀಪ. ಅಲ್ಲಿ ನೆಲದಿಂದ ತಾನೇ ಉಕ್ಕಿ ನಿಂತ ಡಾಂಬರಿನ ಕೆರೆ. ಅದನ್ನು ಕಡಿದು, ಸೋಸಿ, ಡ್ರಮ್ಮಿಗೆ ತುಂಬಿ ಕಳಿಸುತ್ತಾರೆ. ಕಲ್ಲಿನಂತೆ ಗಟ್ಟಿ. ಅದನ್ನು ನಮ್ಮ ಮಾಮೂಲಿ ಡಾಂಬರಿಗೆ ಒಂದು ಪಾಲು ಬೆರೆಸಿದರೆ ರಸ್ತೆ ಬಿಸಿಲಿಗೆ ಬೇಗ ಮುದಿಯಾಗುವುದಿಲ್ಲ, ಲಾರಿ ಚಕ್ರಕ್ಕೆ ಕುಸಿಯುವುದಿಲ್ಲ ಎಂದು ಮಾರಲು ಬಂದಿದ್ದ ಟೈ ಕಟ್ಟಿದ ಮನುಷ್ಯ ಹೇಳಿದ.

"ನಮ್ ಕಡೆ ಕೆರೇಲಿ ನೀರೇ ಇಲ್ಲ, ಅವ್ರ ಕಡೆ ಕೆರೆ ತುಂಬ ಡಾಂಬರಂತೆ. ಯಾರ್ಯಾರಿಗೆ ಏನೇನ್ ಕೊಡ್ತಾನೋ ದೇವ್ರು" ಎಂದ ಆಂಜಿನಪ್ಪ.

ಟೈ ಮನುಷ್ಯ ಗಂಭೀರವಾಗಿ, "ಇದು ಸಾವಿರಾರು ವರ್ಷ ಬಿಸಿಲು ಗಾಳಿ ಕುಡಿದು ಬಂದದ್ದು. ಇದಕ್ಕಿನ್ನು ಏನು ವಯಸ್ಸಾಗುತ್ತೆ?" ಎಂದ.

ಆ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡಾಂಬರಿಗೆ ಮುಪ್ಪು ಬರುವುದು ಹೀಗೆ: ಅದರೊಳಗೆ ಒಂದಿಷ್ಟು ಎಣ್ಣೆಯಂಥ ಮೆದು ಭಾಗ, ಒಂದಿಷ್ಟು ಗಟ್ಟಿ ಭಾಗ. ಕಾಯಿಸಿದಾಗ, ಗಾಳಿ ತಾಕಿದಾಗ, ಬಿಸಿಲು ಬಿದ್ದಾಗ ಮೆದುವಾದದ್ದು ಹಾರಿಹೋಗುತ್ತದೆ, ಇಲ್ಲವೇ ತಾನೂ ಗಟ್ಟಿಯ ಕಡೆಗೆ ಸೇರಿಕೊಳ್ಳುತ್ತದೆ. ಉಳಿದದ್ದು ಬಿಗಿಯುತ್ತದೆ, ಬಾಗುವುದನ್ನು ಮರೆಯುತ್ತದೆ, ಒಂದು ದಿನ ಚಳಿಗೆ ಬಿರುಕು ಬಿಡುತ್ತದೆ. ನನ್ನ ಮಂಡಿಯ ಕಥೆಯೂ ಇದೇ, ಆದರೆ ಅದಕ್ಕೆ ಸೂಜಿ ಪರೀಕ್ಷೆ ಮಾಡುವವರು ದುಬಾರಿ. ಕೆರೆ ಡಾಂಬರಿನಲ್ಲಿ ಆ ಗಟ್ಟಿ ಭಾಗ ಮೊದಲೇ ಹೆಚ್ಚು, ಜೊತೆಗೆ ಬೂದಿಯಂಥ ನುಣ್ಣನೆ ಪುಡಿ. ಬೆರೆಸಿದ ಡಾಂಬರು ಹುಟ್ಟುವಾಗಲೇ ಸ್ವಲ್ಪ ಬಿಗಿಯಾಗಿರುತ್ತದೆ. ಅಲ್ಲಿಂದ ಮುಂದೆ ಮಾತ್ರ ನಿಧಾನವಾಗಿ ಹಣ್ಣಾಗುತ್ತದೆ. ಆದರೆ ಹುಟ್ಟಿದ ಮೇಲೆ ಹೊತ್ತಿಲ್ಲದ ಹೊತ್ತಲ್ಲಿ ಕಾಯಿಸುತ್ತಾ ಕೂತರೆ ಅದೂ ಮುದಿಯಾಗುತ್ತದೆ. ಯಾಕೆಂದರೆ ಮುಕ್ಕಾಲು ಪಾಲು ನಮ್ಮ ಮಾಮೂಲಿ ಡಾಂಬರೇ ತಾನೆ.

ಆಂಜಿನಪ್ಪ ಒಂದೇ ವಾರದಲ್ಲಿ ಅದರ ಗುಣ ಹಿಡಿದುಬಿಟ್ಟ. "ಇದು ಡಾಂಬರಲ್ಲ ಸಾರ್, ಹುರುಳಿ ಸಾರು. ತಿರುವ್ತಾ ಇರ್ಬೇಕು, ಇಲ್ದಿದ್ರೆ ಪುಡಿ ತಳ ಹಿಡೀತದೆ" ಎನ್ನುತ್ತ ಟ್ಯಾಂಕಿನೊಳಗೆ ಡಾಂಬರು ಕಲಕುವ ಯಂತ್ರ ನಿಲ್ಲದಂತೆ ನೋಡಿಕೊಂಡ. ಉರಿ ಒಂದಿಷ್ಟು ಏರಿದರೂ ಎದ್ದು ಓಡುತ್ತಿದ್ದ. ಕಚ್ಚಿ ನೋಡಿ, "ಮನೇಲಿ ಅತ್ತೆ ಇದ್ದಂಗೈತೆ ಇದು. ಸೊಸೆ ಬೇಗ ಕೆಡಕ್ಕೆ ಬಿಡಲ್ಲ" ಎಂದ. ನನ್ನ ವರದಿ ಬರುವಷ್ಟರಲ್ಲೇ ರಸ್ತೆಯ ಮೊದಲ ಅರ್ಧ ಆತನ ಟ್ಯಾಂಕಿನ ಡಾಂಬರಿನಿಂದ ಕಪ್ಪು ಕನ್ನಡಿಯಂತೆ ಬಿತ್ತು.

ಇನ್ನು ನನ್ನ ಪಾಲಿನ ಸಾಧನೆ ಕೇಳಿ.

ಪ್ರತಿ ಟ್ಯಾಂಕಿನಿಂದ ಮೂರು ಡಬ್ಬಿ ಮಾದರಿ ತೆಗೆಯಬೇಕು. ಒಂದು ಪ್ಲಾಂಟಿಗೆ, ಒಂದು ನನ್ನ ಪರೀಕ್ಷೆಗೆ, ಇನ್ನೊಂದು ಮೊಹರು ಹಾಕಿ ಬೀರುವಿಗೆ. ಅದಕ್ಕೆ ಸಾಕ್ಷಿ ಡಬ್ಬಿ ಎನ್ನುತ್ತೇವೆ; ತಕರಾರು ಬಂದರೆ ಮಾತ್ರ ಒಡೆಯಬೇಕು. ಪರೀಕ್ಷೆಯ ಡಬ್ಬಿಯನ್ನು ಒಂದೇ ಸಲ ಬಿಸಿ ಮಾಡಿ, ಎಲ್ಲ ಬಟ್ಟಲಿಗೂ ಹೊಯ್ದು, ಮಿಕ್ಕಿದ್ದನ್ನು ಎಸೆಯಬೇಕು. "ಒಂದು ಡಬ್ಬಿಯನ್ನು ಒಂದೇ ಸಲ ಬಿಸಿ ಮಾಡತಕ್ಕದ್ದು" ಎಂದು ಲ್ಯಾಬಿನ ಗೋಡೆಗೆ ಚೀಟಿ ಅಂಟಿಸಿರುವವನು ನಾನೇ. ಅಕ್ಷರವೂ ನನ್ನದೇ, ದುಂಡಗಿದೆ.

ಆದರೆ ನಾನು ಹುಟ್ಟಾ ಚಿಂತೆಗಾರ. ಮನೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬೀದಿ ಕೊನೆಯಿಂದ ವಾಪಸು ಬಂದು ನಾಲ್ಕನೇ ಸಲ ಎಳೆಯುವವನು. ಒಂದು ಸಲ ಎಳೆದೂ ಎಳೆದೂ ಚಿಲಕವೇ ಕಿತ್ತು ಕೈಗೆ ಬಂತು. "ಈಗ ನೆಮ್ಮದಿಯಾಯ್ತಾ? ಕಳ್ಳನಿಗೆ ಕೆಲಸ ಉಳಿಸಿದ್ರಿ" ಎಂದಿದ್ದಳು ಹೆಂಡತಿ.

ಆ ಕೆರೆ ಡಾಂಬರಿನ ಟ್ಯಾಂಕಿನ ಡಬ್ಬಿಯನ್ನು ಮೊದಲ ದಿನ ಕಾಯಿಸಿ ಸೂಜಿ ಬಿಟ್ಟಾಗ ಫಲಿತಾಂಶ ಸರಿಯಾಗೇ ಇತ್ತು. ನಾನೆಣಿಸಿದ್ದಕ್ಕಿಂತ ಒಂದು ಗೆರೆ ಕಡಿಮೆ, ಅಷ್ಟೆ. ಒಂದು ಗೆರೆ! ಬೇರೆ ಯಾರಾದರೂ ಸಹಿ ಹಾಕಿ ಊಟಕ್ಕೆ ಹೋಗುತ್ತಿದ್ದರು. ನನಗೆ ಅನ್ನ ಇಳಿಯಲಿಲ್ಲ. ಹೊಸ ಸಾಮಾನು, ಇಲಾಖೆಯ ಕಣ್ಣು ಇದರ ಮೇಲಿದೆ, ಇನ್ನೊಂದು ಸಲ ನೋಡೋಣ ಎಂದುಕೊಂಡೆ. ಡಬ್ಬಿಯಲ್ಲಿ ಅರ್ಧದಷ್ಟು ಮಿಕ್ಕಿತ್ತು. ಸಮುದ್ರ ದಾಟಿ ಬಂದದ್ದನ್ನು ಎಸೆಯಲು ಮನಸ್ಸಾಗಲಿಲ್ಲ. ಮತ್ತೆ ಒಲೆಯ ಮೇಲಿಟ್ಟೆ.

ಇಲ್ಲಿ ನಮ್ಮ ಮನೆಗಳ ಒಂದು ನಂಬಿಕೆಯನ್ನು ಹೇಳಬೇಕು. ನಮ್ಮ ಕಡೆ ಬಸ್ಸಾರು ಮಾಡಿದ ದಿನಕ್ಕಿಂತ ಮಾರನೆ ದಿನ ರುಚಿ; ಇನ್ನೊಂದು ಸಲ ಕುದಿಸಿದರೆ ಇನ್ನೂ ರುಚಿ. ಮೂರನೇ ದಿನದ ಬಸ್ಸಾರಿಗಾಗಿ ಅಣ್ಣತಮ್ಮಂದಿರು ಜಗಳವಾಡಿದ್ದನ್ನು ಕಂಡಿದ್ದೇನೆ. ಮಿಕ್ಕಿದ್ದನ್ನು ಬಿಸಿ ಮಾಡುವುದು ತಪ್ಪು ಎಂದು ನಮ್ಮ ಕೈಗೆ ಯಾರೂ ಕಲಿಸಿಲ್ಲ. ತಲೆಗೆ ಗೊತ್ತಿತ್ತು, ಗೋಡೆಯ ಮೇಲೂ ಬರೆದಿತ್ತು, ಕೈಗೆ ಗೊತ್ತಿರಲಿಲ್ಲ.

ಎರಡನೇ ಸಲ ಸೂಜಿ ಇನ್ನೂ ಎರಡು ಗೆರೆ ಕಡಿಮೆ ಇಳಿಯಿತು. ನೋಡಿದೆಯಾ, ನನ್ನ ಅನುಮಾನ ಸರಿ! ಮಾರನೆ ದಿನ ಮತ್ತೆ ಕಾಯಿಸಿದೆ. ಇನ್ನೂ ಕಡಿಮೆ. ಇಲಾಖೆಯ ಇಂಜಿನಿಯರು ನೋಡಬೇಕೆಂದು ಬಂದರು, ಅವರ ಮುಂದೊಮ್ಮೆ ಕಾಯಿಸಿದೆ. ಪ್ಲಾಂಟಿನ ಯಜಮಾನರು ಬಂದರು, ಅವರ ಮುಂದೊಮ್ಮೆ. ಅವರು ಹೋದ ಮೇಲೆ ನನ್ನ ಸಮಾಧಾನಕ್ಕೊಮ್ಮೆ. ಪ್ರತಿ ಸಲವೂ ಡಾಂಬರು ಹಿಂದಿನ ಸಲಕ್ಕಿಂತ ಮುದಿ. ಟ್ಯಾಂಕಿನಲ್ಲಿ ಯಾರೋ ಸುಟ್ಟುಬಿಟ್ಟಿದ್ದಾರೆ ಎಂಬ ನನ್ನ ತೀರ್ಮಾನ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಗಟ್ಟಿ. ಒಲೆಯ ಮುಂದೆ ನಿಂತು ಸುಡುತ್ತಿರುವವನು ನಾನೇ ಎಂಬುದು ಮಾತ್ರ ಹೊಳೆಯಲಿಲ್ಲ.

"ಟ್ಯಾಂಕಿನಲ್ಲಿ ಅತಿಯಾಗಿ ಕಾಯಿಸಿದ್ದರಿಂದ ಡಾಂಬರು ಮುಪ್ಪಾಗಿದೆ, ಬಳಕೆಗೆ ಯೋಗ್ಯವಲ್ಲ" ಎಂದು ವರದಿ ಬರೆದೆ. ಆಂಜಿನಪ್ಪನನ್ನು ಲ್ಯಾಬಿಗೆ ಕರೆಸಿದರು.

"ಏನೋ ಆಂಜಿನಪ್ಪಾ, ಉರಿ ಹಚ್ಚಿ ಮಲ್ಕೊಂಡ್ಬಿಟ್ಟಾ?" ಎಂದರು ಯಜಮಾನರು.

"ಇಲ್ಲ ಸಾಮಿ. ನನ್ ಹಲ್ಲಿಗೆ ಹದವಾಗೇ ಇತ್ತು."

"ನಿನ್ ಹಲ್ಲಿಗೆ ಸರ್ಕಾರದೋರು ಸೀಲ್ ಹೊಡ್ಕೊಟ್ಟಿದಾರೇನೋ?"

ಇಂಜಿನಿಯರು ಗಹಗಹಿಸಿ ನಕ್ಕರು. ನಾನೂ ನಕ್ಕೆ. ಈ ಬರಹದಲ್ಲಿ ನಾನು ಬರೆಯಲು ಹಿಂಜರಿದ ವಾಕ್ಯ ಅದೊಂದೇ.

ಆಂಜಿನಪ್ಪ ನಗಲಿಲ್ಲ. ಬಟ್ಟಲಿನಲ್ಲಿದ್ದ ಡಾಂಬರಿನ ಅಂಚಿನಿಂದ ಒಂದು ಚೂರು ಚಿವುಟಿ ಕಚ್ಚಿದ. ಪಟ್ ಎಂದಿತು. ಅವನ ಮುಖ ಬಿಳುಚಿತು. "ಹೌದು ಸಾರ್. ಮುದಿಯಾಗೈತೆ. ಅವತ್ತು ನಂಗೆ ಹೆಂಗ್ ತಿಳೀಲಿಲ್ಲ?" ಎಂದು ನನ್ನನ್ನೇ ಕೇಳಿದ.

ಟ್ಯಾಂಕಿನಲ್ಲಿ ಉಳಿದಿದ್ದನ್ನು ಯಾವುದೋ ಲಾರಿ ನಿಲ್ಲಿಸುವ ಅಂಗಳಕ್ಕೆ ಸುರಿದರು. ರಸ್ತೆಯ ಮಿಕ್ಕರ್ಧಕ್ಕೆ ಮಾಮೂಲಿ ಡಾಂಬರು ಹಾಕಿದರು. ಆಂಜಿನಪ್ಪನನ್ನು ಕೆಲಸದಿಂದ ಬಿಡಿಸಿದರು.

ಐದು ದಿನ ಕಳೆದು ನನ್ನ ಚಿಂತೆ ಮತ್ತೆ ತಲೆಯೆತ್ತಿತು. ಬೀರು ತೆಗೆದು ಸಾಕ್ಷಿ ಡಬ್ಬಿಯ ಮೊಹರು ಒಡೆದು, ಒಂದೇ ಸಲ ಕಾಯಿಸಿ, ಸೂಜಿ ಬಿಟ್ಟೆ. ಹದವಾಗಿ ಇಳಿಯಿತು. ಆತನ ಹಲ್ಲು ಹೇಳಿದಷ್ಟೇ. ಸ್ಟೂಲಿನ ಮೇಲೆ ಕೂತುಬಿಟ್ಟೆ. ಎದುರಿನ ಗೋಡೆಯಲ್ಲಿ ನನ್ನದೇ ದುಂಡಗಿನ ಅಕ್ಷರ.

ಆಮೇಲೆ ಏನು ಮಾಡಿದೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಇಲಾಖೆಗೆ ಒಂದು ಪತ್ರ ಬರೆದೆ: "ಮಾದರಿಯ ನಿರ್ವಹಣೆಯಲ್ಲಿ ಕಂಡುಬಂದ ವ್ಯತ್ಯಯದ ಹಿನ್ನೆಲೆಯಲ್ಲಿ ಸದರಿ ಫಲಿತಾಂಶವನ್ನು ಪುನರ್‌ ಪರಿಶೀಲಿಸಬಹುದಾಗಿದೆ." ಇದರ ಅರ್ಥ ಏನೆಂದು ಈಗ ನನಗೇ ತಿಳಿಯುತ್ತಿಲ್ಲ. ಇಲಾಖೆಯವರು ಫೈಲಿಗೆ ಹಾಕಿದರು. ಪ್ಲಾಂಟಿನ ಯಜಮಾನರಿಗೆ ಫೋನು ಮಾಡಿದೆ. "ಬಿಡಿ ಸಾರ್, ಅದ್ನೆಲ್ಲ ಚೆಲ್ಲಾಯ್ತು. ಟ್ಯಾಂಕ್ ಹತ್ರ ನಮ್ ಭಾಮೈದ ನಿಂತವ್ನೆ. ಈಗ್ಯಾಕೆ?" ಎಂದರು. ಆಂಜಿನಪ್ಪನಿಗೆ ಹೇಳಲು ನಾಳೆ ಹೋಗೋಣ ಎಂದುಕೊಂಡೆ. ಏಳು ವರ್ಷವಾಯಿತು.

ಅಲ್ಲಿಗೆ ಮುಗಿದಿದ್ದರೂ ಹೇಗೋ ಬದುಕುತ್ತಿದ್ದೆ. ಆದರೆ ಆ ರಸ್ತೆಯ ಕಡೆ ನನಗೆ ವಾರಕ್ಕೆರಡು ಸಲ ಕೆಲಸ. ಮೊದಲ ಅರ್ಧದಲ್ಲಿ ಬಸ್ಸು ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತದೆ. ಒಂದು ಹುಣಸೆ ಮರ ಬರುತ್ತದೆ. ಅಲ್ಲಿ ಡಾಂಬರು ಬದಲಾಗುತ್ತದೆ. ಅಲ್ಲಿಂದಾಚೆ ಗುಂಡಿ, ತೇಪೆ, ತೇಪೆಯ ಮೇಲೆ ಗುಂಡಿ. ಇಡೀ ಬಸ್ಸಿನ ಜನ ಒಟ್ಟಿಗೆ ಸೀಟಿನಿಂದ ಎದ್ದು ಕೂರುತ್ತಾರೆ. "ಯಾವ್ ನನ್ಮಗ ಮಾಡಿದ್ನೋ ಈ ಕಡೇದು" ಎಂದು ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ನಾನು ಕಿಟಕಿಯಾಚೆ ಮಾಕಳಿದುರ್ಗದ ಬೆಟ್ಟ ನೋಡುತ್ತೇನೆ.

ಒಂದು ಸಲ ದೊಡ್ಡಬಳ್ಳಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಆಂಜಿನಪ್ಪನೇ ಎದುರಾದ. ನಾನು ಪೇಪರಿನ ಹಿಂದೆ ಅಡಗುವ ಮೊದಲೇ ನೋಡಿಬಿಟ್ಟ. ಹೊಲ, ಎರಡು ಹಸು, ಡೈರಿಗೆ ಹಾಲು ಎಂದು ಹೇಳಿದ. ಆಮೇಲೆ ದನಿ ತಗ್ಗಿಸಿ, "ನನ್ ಹಲ್ಲಿಗೆ ವಯಸ್ಸಾಗೋಗಿತ್ತು ಸಾರ್, ನಂಗೇ ತಿಳೀಲಿಲ್ಲ. ನೀವ್ ಕಂಡ್ಹಿಡಿದ್ರಿ. ಇಲ್ದಿದ್ರೆ ಆ ಸುಟ್ಟ ಡಾಂಬರ್ನ ಪೂರ್ತಿ ರಸ್ತೆಗೆ ಹಾಕ್ಬಿಟ್ಟಿರೋರು, ಆ ಪಾಪ ನನ್ ತಲೇಗೆ ಬರೋದು" ಎಂದ. ಚೀಲದಿಂದ ಎರಡು ಹಿಡಿ ಅವರೆಕಾಯಿ ತೆಗೆದು ನನ್ನ ಬ್ಯಾಗಿಗೆ ಹಾಕಿದ. ಸೊಗಡಿನ ಅವರೆ. ಹೇಳಲು ಬಾಯಿ ತೆಗೆದೆ. ಬಾಯಿಂದ ಬಂದದ್ದು "ಬಸ್ಸು ಬಂತು" ಎಂದು. ಅದು ನನ್ನ ಬಸ್ಸೂ ಆಗಿರಲಿಲ್ಲ. ಹತ್ತಿ ನೆಲಮಂಗಲದವರೆಗೆ ಹೋಗಿ ವಾಪಸು ಬಂದೆ.

ಹೋದ ವಾರ ಇಲಾಖೆಯಿಂದ ಆ ರಸ್ತೆಯನ್ನು ಕೊರೆದು ತೆಗೆದ ದುಂಡಗಿನ ತುಂಡುಗಳು ಲ್ಯಾಬಿಗೆ ಬಂದವು, ಹುಣಸೆ ಮರದ ಎರಡೂ ಕಡೆಯವು. ಒಂದೇ ರಸ್ತೆ, ಒಂದೇ ಲಾರಿಗಳು. ಅರ್ಧ ಯಾಕೆ ಚೆನ್ನಾಗಿದೆ, ಕಾರಣ ಹುಡುಕಿ ಎಂದು ಕೇಳಿದ್ದರು. ಜಲ್ಲಿಯಿಂದ ಡಾಂಬರನ್ನು ಬಿಡಿಸಿ ನೋಡಿದೆ. ಮಾಮೂಲಿ ಡಾಂಬರು ಒಣಗಿ ಇದ್ದಿಲಾಗಿತ್ತು. ಕೆರೆ ಡಾಂಬರಿನದರಲ್ಲಿ ಮೇಲಿನ ಉಗುರಿನಷ್ಟು ದಪ್ಪ ಮಾತ್ರ ಬಿಸಿಲಿಗೆ ಬಿಗಿದಿತ್ತು. ಅದರ ಕೆಳಗೆ ಇನ್ನೂ ಜೀವವಿತ್ತು. ಏಳು ಬೇಸಿಗೆ ಕಳೆದ ಮೇಲೂ ಸೂಜಿ ತಡೆದು ತಡೆದು ಇಳಿಯಿತು. ಟ್ಯಾಂಕಿನಲ್ಲಿ ಸುಟ್ಟ ಡಾಂಬರಾಗಿದ್ದರೆ ಎರಡನೇ ಚಳಿಗಾಲ ಕಾಣುತ್ತಿರಲಿಲ್ಲ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದಾಗಲೇ ಮೊನ್ನೆಯ ಆ ನೀಲಿ ಹೊಗೆ. ಮೇಸ್ತ್ರಿಗೆ ಸಕ್ಕರೆ ಕಾಯಿಲೆಯ ಲ್ಯಾಬಿನ ದಾರಿ ತೋರಿಸಿ, ಒಳಗೆ ಬಂದು ಅಂಗಿ ಹಾಕಿಕೊಂಡೆ. "ಎಲ್ಲಿಗೆ?" ಎಂದಳು ಹೆಂಡತಿ. "ಆಂಜಿನಪ್ಪನ ಊರಿಗೆ." ಅವಳಿಗೆ ಎಲ್ಲ ಗೊತ್ತು. "ಅಬ್ಬ, ಹೊರಟ್ರಾ. ಬೀಗ ನಾನ್ ನೋಡ್ಕೋತೀನಿ, ನಡೀರಿ" ಎಂದಳು.

ಆಂಜಿನಪ್ಪ ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದ. ನನ್ನನ್ನು ನೋಡಿ ಗಾಬರಿಯಿಂದ ಕೈ ಒರೆಸಿಕೊಂಡು ಬಂದ. ಜಗಲಿಯ ಮೇಲೆ ಕೂತು, ಮಾದರಿ, ನಿರ್ವಹಣೆ, ವ್ಯತ್ಯಯ ಎಂದು ಶುರುಮಾಡಿದೆ.

"ಸಾರ್, ಸ್ವಲ್ಪ ಕನ್ನಡದಾಗೆ ಹೇಳಿ" ಎಂದ.

"ಟ್ಯಾಂಕಿನಲ್ಲಿ ಡಾಂಬರು ಸುಟ್ಟಿರಲಿಲ್ಲ ಆಂಜಿನಪ್ಪನೋರೆ. ಲ್ಯಾಬಲ್ಲಿ ಡಬ್ಬೀನ ಮತ್ತೆ ಮತ್ತೆ ಕಾಯಿಸಿ ನಾನೇ ಸುಟ್ಟೆ."

"ಎಷ್ಟ್ ಸಲ ಕಾಯಿಸಿದ್ರಿ?"

"ಒಂದು... ನಾಲ್ಕು ಸಲ."

"ನಾಲ್ಕಾ?"

"ಆರು."

"ಆರ್ ಸಲ! ಅಯ್ಯೋ ಶಿವ್ನೇ! ಡಾಂಬರ್ನ ಆರ್ ಸಲ ಕಾಯಿಸ್ತಾರೇನ್ ಸಾರ್ ಯಾರಾದ್ರೂ? ಓದಿದೋರಲ್ವಾ ನೀವು?" ಎಂದು ತಲೆ ಮೇಲೆ ಕೈ ಇಟ್ಟುಕೊಂಡ. ಮೊದಲು ಅವನಿಗೆ ನೋವಾದದ್ದು ಡಾಂಬರಿಗಾಗಿ. ತನಗಾಗಿ ನೋವಾಗಲು ಇನ್ನೊಂದು ನಿಮಿಷ ಹಿಡಿಯಿತು. ಅದು ಮುಖದ ಮೇಲೆ ಬರುವುದನ್ನು ನಾನು ಕೂತು ನೋಡಬೇಕಾಯಿತು.

"ಹಂಗಾರೆ ನನ್ ಹಲ್ಲು?"

"ಸರಿಯಾಗಿತ್ತು. ಮೊದಲಿಂದ ಕೊನೆವರೆಗೂ."

"ಗೌರೀ!" ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದ. "ಬಾರೇ ಇಲ್ಲಿ. ಹೇಳಿ ಸಾರ್, ಇವಳ್ಗೂ ಹೇಳಿ."

ಗೌರಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತರು. ಮತ್ತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ನನ್ನನ್ನು ಬಯ್ಯುತ್ತಾರೆ ಎಂದುಕೊಂಡೆ. ನನ್ನ ಕಡೆ ತಿರುಗಲೂ ಇಲ್ಲ.

"ಏಳ್ ವರ್ಸದಿಂದ ಸಾರಿಗೆ ಉಪ್ಪು ಹೆಚ್ಚಾಯ್ತು ಕಮ್ಮಿ ಆಯ್ತು ಅಂತ ಒಂದ್ ಮಾತು ಹೇಳಿಲ್ಲ ಈ ಮನುಸ" ಎಂದರು. "ಕೇಳಿದ್ರೆ, ನನ್ ಬಾಯ್ಗೆ ಏನ್ ಗೊತ್ತಾಗ್ತದೆ, ನೀನೇ ನೋಡ್ಕೋ ಅಂತಾರೆ. ದೊಡ್ಡಬಳ್ಳಾಪುರಕ್ಕೆ ಎಲ್ರೂ ಒಂದ್ ಬಸ್ನಾಗೆ ಹೋದ್ರೆ ಇವ್ರು ಎರಡ್ ಬಸ್ ಬದಲಾಯ್ಸ್ಕೊಂಡು ಸುತ್ತಾಕೊಂಡ್ ಹೋಗ್ತಾರೆ. ಆ ರಸ್ತೆ ನೋಡಾಕಾಗಲ್ವಂತೆ. ಕೆಡಿಸ್ಬಿಟ್ಟೆ ಅಂತ."

ನಾನು ಆ ರಸ್ತೆ ಹೇಗಿದೆ ಎಂದು ಹೇಳಿದೆ. ಕೊರೆದ ತುಂಡು, ಉಗುರಿನಷ್ಟು ಮುಪ್ಪು, ಅದರ ಕೆಳಗಿನ ಜೀವ. ಆತ ತಲೆ ತಗ್ಗಿಸಿ ಕೇಳಿದ. ಕ್ಷಮಿಸಿ ಎಂದೆ.

"ನಂಗೀಗ ಬಾಳ ಕ್ವಾಪ ಬಂದದೆ ಸಾರ್" ಎಂದ ಕೊನೆಗೆ, ಸಮಾಧಾನವಾಗಿಯೇ. "ಇವತ್ತು ನೀವು ಹೊರಡಿ. ಅವತ್ತು ನಕ್ಕರಲ್ಲ, ಅವ್ರನ್ನ ಕರ್ಕೊಂಡು ನಾಳಿದ್ದು ಆ ರಸ್ತೆ ಹತ್ರ ಬನ್ನಿ. ಅವ್ರ ಮುಂದೆ ಹೇಳಿ. ಇಲ್ಲಿ ಜಗಲಿ ಮೇಲೆ ಗುಟ್ಟಾಗಿ ಹೇಳಿದ್ರೆ ನಂಗೇನ್ ಬಂತು?"

ನಕ್ಕವರಲ್ಲಿ ನಾನೂ ಇದ್ದೆ ಎಂಬುದು ಆತನಿಗೆ ನೆನಪಿತ್ತು.

ಊರಿಗೆ ಬಂದು ಫೋನು ಹಿಡಿದೆ. ಪ್ಲಾಂಟಿನ ಯಜಮಾನರು, "ನನಗೆ ಬೇರೆ ಕೆಲಸ ಇಲ್ವಾ?" ಎಂದು ಇಟ್ಟುಬಿಟ್ಟರು. ಇಂಜಿನಿಯರು ಈಗ ಬಡ್ತಿ ಪಡೆದು ಹೊಸಕೋಟೆಯ ಕಡೆ ಇದ್ದಾರೆ. "ಯಾಕ್ರೀ ಹಳೇದೆಲ್ಲ ಕೆದಕ್ತೀರಾ? ನಿಮ್ಮ ಲ್ಯಾಬಿನ ಹೆಸರೇ ಹಾಳಾಗುತ್ತೆ" ಎಂದರು. ನಿಜ. ನನ್ನ ವರದಿಗಳನ್ನು ಇನ್ನು ಯಾರು ನಂಬುತ್ತಾರೆ, ಲ್ಯಾಬಿನ ಮಾಲೀಕರು ಏನೆನ್ನುತ್ತಾರೆ ಎಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ. "ರಸ್ತೆ ಅರ್ಧ ಚೆನ್ನಾಗಿರೋದಕ್ಕೆ ಕಾರಣ ಕೇಳಿದ್ರಲ್ಲ ಸಾರ್. ಕಾರಣ ಅಲ್ಲೇ ಬಂದು ನಿಂತಿರ್ತಾರೆ, ಬನ್ನಿ" ಎಂದೆ. ಎಂದೂ ಯಾರಿಗೂ ಹಾಗೆ ಮಾತಾಡಿದವನಲ್ಲ. ಅವರಿಗೂ ಆಶ್ಚರ್ಯವಾಗಿರಬೇಕು, ಒಪ್ಪಿಕೊಂಡರು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಹುಣಸೆ ಮರದ ಹತ್ತಿರ ಸೇರಿದೆವು. ಆಂಜಿನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೌರಮ್ಮನ ಜೊತೆ ಬಂದಿದ್ದ. ನಮ್ಮ ಯಾರ ಕಡೆಗೂ ನೋಡದೆ ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಏಳು ವರ್ಷದ ಡಾಂಬರಿನ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಅದು ಆಗಲೇ ಕಾದಿತ್ತು. ಕೈ ತೆಗೆಯಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ನಾಲ್ಕಾರು ಜನ, ಏನೋ ಜಗಳವಿರಬೇಕೆಂದು ಆಸೆಯಿಂದ ಹತ್ತಿರ ಬಂದರು. ಇಂಜಿನಿಯರು ಕಾರಿನಿಂದಿಳಿದು ಗಡಿಯಾರ ನೋಡಿಕೊಂಡು, "ಬೇಗ ಹೇಳ್ರೀ, ಏನು?" ಎಂದರು. ನಾನು ಹೇಳಿದೆ. ಟ್ಯಾಂಕಿನ ಡಾಂಬರು ಹದವಾಗಿತ್ತು, ಆಂಜಿನಪ್ಪ ಹೇಳಿದ್ದೇ ಸರಿ, ನನ್ನ ವರದಿ ತಪ್ಪು, ಅವತ್ತು ನಾವು ನಕ್ಕದ್ದೂ ತಪ್ಪು. ನಕ್ಕದ್ದು ಎಂಬ ಮಾತಿಗೆ ಇಂಜಿನಿಯರು ಕನ್ನಡಕ ತೆಗೆದು ಒರೆಸತೊಡಗಿದರು. "ತಪ್ಪು ಹೇಗಾಯ್ತು?" ಎಂದು ಮೆಲ್ಲನೆ ಕೇಳಿದರು.

"ಪರೀಕ್ಷೆಗೆಂದು ತಂದಿದ್ದ ಡಬ್ಬಿಯನ್ನು ಕೆಲವು ಸಲ..." ಎಂದು ಶುರುಮಾಡಿದೆ.

ಆಂಜಿನಪ್ಪ ಕೂತಲ್ಲಿಂದಲೇ ತಲೆಯೆತ್ತಿದ. ಮೊನ್ನೆಯಿಂದ ಮೊದಲ ಸಲ ನನ್ನ ಮುಖ ನೋಡಿದ.

"ಆರ್ ಸಲ ಅಂತ ಹೇಳಿ ಸಾರ್."

"ಆರು ಸಲ" ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.